ಕೇರ್ ಆಫ್ ಸಿನೇಮ್: ನಿಮ್ಮ ವೆಬ್‌ಸೈಟ್ ವಿಳಾಸ ಯಾರ ಕೈಲಿರಬೇಕು?

ಹೋಮ್‌ಸ್ಟೇ ಇರಲಿ, ಉಪ್ಪಿನಕಾಯಿ ವ್ಯಾಪಾರವಿರಲಿ, ಸಂಗೀತ ಶಾಲೆಯಿರಲಿ, ವೆಬ್‌ಸೈಟ್ ಶುರುವಾಗುವ ಕತೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಹೆಸರು ಕೊಂಡದ್ದು ಒಂದು ಕಂಪನಿಯಲ್ಲಿ. ಪುಟಗಳನ್ನು ಕಟ್ಟಿದ್ದು ಇನ್ನೊಂದು ಕಂಪನಿಯ ಜಾಗದಲ್ಲಿ. ಇಮೇಲ್ ಮೂರನೆಯವರದು. ಉದ್ಘಾಟನೆಗೆ ಎರಡು ದಿನ ಉಳಿದಿರುವಾಗ ಮಾಲೀಕರು ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಡಿಎನ್‌ಎಸ್ ಸೆಟ್ಟಿಂಗ್ಸ್’ ಎಂಬ ಪುಟ ತೆರೆಯುತ್ತಾರೆ. ಅಲ್ಲಿ ನಾಲ್ಕು ಖಾನೆ: ಟೈಪ್, ನೇಮ್, ವ್ಯಾಲ್ಯೂ, ಟಿಟಿಎಲ್. ಹೋಸ್ಟಿಂಗ್ ಕಂಪನಿಯ ಸೂಚನೆಯಲ್ಲಿ ‘ಸಿನೇಮ್ ಸೇರಿಸಿ’ ಎಂದಿದೆ. ಟ್ರಿಪಲ್ ಡಬ್ಲ್ಯು ಇರುವ ಹೆಸರಿಗೆ ಹಾಕಿದರೆ ಸಲೀಸಾಗಿ ಕೂರುತ್ತದೆ. ಅದಿಲ್ಲದ ಬರೀ ಹೆಸರಿಗೆ ಹಾಕಹೋದರೆ ಕೆಂಪು ಅಕ್ಷರದ ತಕರಾರು. ಕೆಲವು ಪ್ಯಾನೆಲ್‌ಗಳು ತಕರಾರನ್ನೂ ಎತ್ತದೆ ಒಪ್ಪಿಕೊಂಡುಬಿಡುತ್ತವೆ. ಅಂಥ ಕಡೆ ಮರುದಿನದಿಂದ ಇಮೇಲ್ ಕಾಣೆಯಾಗಲು ಶುರುವಾಗುತ್ತದೆ.

ಏನಿದು ಸಿನೇಮ್? ಒಂದು ಕಡೆ ಬೇಕು, ಇನ್ನೊಂದು ಕಡೆ ಬೇಡ ಎನ್ನಲು ಕಾರಣವೇನು? ತಾಂತ್ರಿಕವಾಗಿ ಕಾಣುವ ಈ ಪ್ರಶ್ನೆಯ ಒಳಗಿರುವುದು ಅಧಿಕಾರದ ಪ್ರಶ್ನೆ. ಸಿನೇಮ್ ಹಾಕುವುದೆಂದರೆ, ‘ನನ್ನ ವಿಳಾಸವನ್ನು ಇನ್ನು ಮುಂದೆ ಬದಲಿಸುವ ಹಕ್ಕು ನಿಮ್ಮದು’ ಎಂದು ಇನ್ನೊಬ್ಬರಿಗೆ ಬರೆದುಕೊಡುವುದು. ಆ ಹಕ್ಕನ್ನು ಎಲ್ಲಿ ಕೊಡಬೇಕು, ಎಲ್ಲಿ ಕೊಡಬಾರದು, ಯಾವಾಗ ವಾಪಸು ಪಡೆಯಬೇಕು ಎಂಬುದು ತಿಳಿದರೆ ಉಳಿದದ್ದೆಲ್ಲ ಸುಲಭ.

ಹೆಸರಿನಿಂದ ಸಂಖ್ಯೆಗೆ

ಕಂಪ್ಯೂಟರುಗಳು ಒಂದನ್ನೊಂದು ತಲುಪುವುದು ಐಪಿ ಸಂಖ್ಯೆಯ ಮೂಲಕ. ಐಪಿವಿ4 ಪದ್ಧತಿಯಲ್ಲಿ ಅದು 185.199.108.153 ಎಂಬಂತೆ ನಾಲ್ಕು ತುಂಡಿನ ಸಂಖ್ಯೆ. ಇಂಥವು ಒಟ್ಟು ಸುಮಾರು 430 ಕೋಟಿ ಮಾತ್ರ ಸಾಧ್ಯ. ಅವು ಸಾಲದೆ ಹೋದಾಗ ಬಂದದ್ದು ಇನ್ನೂ ಉದ್ದದ ಐಪಿವಿ6. ಮನುಷ್ಯರು ಇಂಥ ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಲಾರರು. ಅದಕ್ಕಾಗಿ ಹೆಸರುಗಳು.

ಇಂಟರ್ನೆಟ್ಟಿಗೂ ಮುಂಚಿನ ಅರ್ಪಾನೆಟ್ ಕಾಲದಲ್ಲಿ ಎಲ್ಲ ಯಂತ್ರಗಳ ಹೆಸರು ಮತ್ತು ಸಂಖ್ಯೆ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ನೇತೃತ್ವದ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಯಂತ್ರ ಸೇರಿದರೆ ಅವರಿಗೆ ತಿಳಿಸಬೇಕು. ಅವರು ಕಡತ ತಿದ್ದಬೇಕು. ಉಳಿದವರೆಲ್ಲ ಹೊಸ ಪ್ರತಿ ಇಳಿಸಿಕೊಳ್ಳಬೇಕು. ಯಂತ್ರಗಳು ನೂರಾರಾದಾಗ ಇದು ಏದುಸಿರು ಬಿಡತೊಡಗಿತು.

1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ ಡಿಎನ್‌ಎಸ್ ಆ ಒಂದೇ ಕಡತವನ್ನು ಲೋಕದ ತುಂಬ ಹಂಚಿತು. ಪ್ರತಿ ಹೆಸರಿನ ಒಡೆಯ ತನ್ನ ದಾಖಲೆಗಳನ್ನು ತಾನು ಆರಿಸಿದ ನೇಮ್‌ಸರ್ವರ್‌ನಲ್ಲಿ ತಾನೇ ಇಡುತ್ತಾನೆ. ಯಾರಿಗೆ ಬೇಕೋ ಅವರು ಅಲ್ಲಿ ಬಂದು ಕೇಳುತ್ತಾರೆ.

ನೀವು ಮೊಬೈಲ್‌ನಲ್ಲಿ ಒಂದು ಸೈಟ್ ತೆರೆದಾಗ ಹಾಗೆ ಕೇಳಿಕೊಂಡು ಬರುವ ಕೆಲಸವನ್ನು ‘ರಿಸಾಲ್ವರ್’ ಎಂಬ ಸರ್ವರ್ ಮಾಡುತ್ತದೆ. ಅದು ಜಿಯೊ, ಏರ್‌ಟೆಲ್‌ನಂಥ ನಿಮ್ಮ ಸೇವಾದಾರರದಾಗಿರಬಹುದು, ಗೂಗಲ್‌ನ 8.8.8.8 ಆಗಿರಬಹುದು. ಮೊದಲು ಬೇರಿನ ಸರ್ವರ್, ಆಮೇಲೆ ಡಾಟ್ ಕಾಂ ಅಥವಾ ಡಾಟ್ ಇನ್ ಸರ್ವರ್, ಕೊನೆಗೆ ಆ ಹೆಸರಿನ ಸ್ವಂತ ನೇಮ್‌ಸರ್ವರ್. ಹೀಗೆ ಮೆಟ್ಟಿಲಿಳಿದು ಉತ್ತರ ತಂದು, ಒಂದಷ್ಟು ಹೊತ್ತು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಎಷ್ಟು ಹೊತ್ತು ಎಂದು ಹೇಳುವುದೇ ನಾಲ್ಕನೇ ಖಾನೆಯ ಟಿಟಿಎಲ್. 3600 ಎಂದರೆ 3600 ಸೆಕೆಂಡು, ಅಂದರೆ ಒಂದು ಗಂಟೆ.

ಕೇರ್ ಆಫ್ ವಿಳಾಸ

ನೇಮ್‌ಸರ್ವರ್‌ನಲ್ಲಿರುವ ದಾಖಲೆಗಳಲ್ಲಿ ಹಲವು ಬಗೆ. ‘ಎ’ ದಾಖಲೆ ಹೆಸರಿನ ಎದುರು ನೇರವಾಗಿ ಐಪಿವಿ4 ಸಂಖ್ಯೆ ಬರೆಯುತ್ತದೆ. ನಾಲ್ಕು ‘ಎ’ಗಳ ‘ಕ್ವಾಡ್ ಎ’ ದಾಖಲೆಯಲ್ಲಿ ಐಪಿವಿ6 ಸಂಖ್ಯೆ. ‘ಎಂಎಕ್ಸ್’ ಇಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುತ್ತದೆ. ‘ಎನ್‌ಎಸ್’ ಈ ಹೆಸರಿನ ನೇಮ್‌ಸರ್ವರ್ ಯಾವುದೆಂದು ತಿಳಿಸುತ್ತದೆ. ‘ಟಿಎಕ್ಸ್‌ಟಿ’ಯಲ್ಲಿ ಬಿಡಿ ಬರಹಗಳು: ನಮ್ಮ ಪರವಾಗಿ ಯಾರು ಮೇಲ್ ಕಳಿಸಬಹುದು, ಈ ಹೆಸರು ನಮ್ಮದೇ ಎಂಬುದಕ್ಕೆ ಪುರಾವೆ, ಇತ್ಯಾದಿ.

ಸಿನೇಮ್ ಸಂಖ್ಯೆ ಹೇಳುವುದೇ ಇಲ್ಲ. ಅದು ಇನ್ನೊಂದು ಹೆಸರನ್ನು ಹೇಳುತ್ತದೆ. ಮನೆ ನಂಬರ್ ಇಲ್ಲದ ಕಾಲದಲ್ಲಿ ಹಳ್ಳಿಗೆ ಬರೆಯುತ್ತಿದ್ದ ಕಾಗದದ ಮೇಲಿನ ‘ಕೇರ್ ಆಫ್ ಶೆಟ್ಟರ ಅಂಗಡಿ’ ಇದ್ದ ಹಾಗೆ. ಅಂಗಡಿ ಎಲ್ಲಿದೆಯೋ ಕಾಗದ ಅಲ್ಲಿಗೆ ಹೋಗುತ್ತದೆ. ಶೆಟ್ಟರು ಬೇರೆ ಬೀದಿಗೆ ಹೋದರೂ ಬರೆಯುವವರು ವಿಳಾಸ ತಿದ್ದಬೇಕಿಲ್ಲ.

ಉದಾಹರಣೆ.ಕಾಂ ಎಂಬ ಹೆಸರು ನಿಮ್ಮದು ಎಂದುಕೊಳ್ಳೋಣ. ಟ್ರಿಪಲ್ ಡಬ್ಲ್ಯು ಇರುವ ಅದರ ಹೆಸರಿಗೆ ಹೋಸ್ಟಿಂಗ್ ಕಂಪನಿಯ ಹೆಸರನ್ನು ಸಿನೇಮ್ ಆಗಿ ಹಾಕಿದ್ದೀರಿ. ರಿಸಾಲ್ವರ್ ನಿಮ್ಮ ನೇಮ್‌ಸರ್ವರ್‌ಗೆ ಬಂದು ಸಂಖ್ಯೆ ಕೇಳುತ್ತದೆ. ‘ಆ ಹೆಸರನ್ನು ಕೇಳಿ’ ಎಂಬ ಉತ್ತರ ಸಿಗುತ್ತದೆ. ರಿಸಾಲ್ವರ್ ಆ ಹೊಸ ಹೆಸರು ಹಿಡಿದು ಹೋಸ್ಟಿಂಗ್ ಕಂಪನಿಯ ನೇಮ್‌ಸರ್ವರ್‌ಗೆ ಹೋಗಿ ಸಂಖ್ಯೆ ತರುತ್ತದೆ. ಒಂದು ಸುತ್ತು ಹೆಚ್ಚಾಯಿತು, ನಿಜ. ಆದರೆ ಅದು ಸೆಕೆಂಡಿನ ಸಣ್ಣ ಭಾಗದ ಮಾತು. ಒಮ್ಮೆ ತಂದ ಉತ್ತರ ಟಿಟಿಎಲ್ ಮುಗಿಯುವವರೆಗೂ ರಿಸಾಲ್ವರ್‌ನಲ್ಲೇ ಇರುತ್ತದೆ. ಸಿನೇಮ್‌ನಿಂದ ಸೈಟ್ ನಿಧಾನವಾಗುತ್ತದೆ ಎಂಬ ಅಂಜಿಕೆಗೆ ಹುರುಳಿಲ್ಲ. ಒಂದು ಸಿನೇಮ್ ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ಎಂದು ಸರಪಳಿ ಕಟ್ಟಿದರೆ ಮಾತ್ರ ವಿಳಂಬ. ಸರಪಳಿ ತೀರಾ ಉದ್ದವಾದರೆ ರಿಸಾಲ್ವರ್‌ಗಳು ಮಧ್ಯದಲ್ಲೇ ಕೈಬಿಡುತ್ತವೆ.

ಗಿಟ್‌ಹಬ್ ಬಳಕೆದಾರರು ಕಂಡ ವ್ಯತ್ಯಾಸ

ಸಂಖ್ಯೆಯನ್ನೇ ನೇರವಾಗಿ ಬರೆದರೆ ಆಗದೇ? ಆಗುತ್ತದೆ. ಆದರೆ ಆ ಸಂಖ್ಯೆ ನಿಮ್ಮದಲ್ಲ, ಹೋಸ್ಟಿಂಗ್ ಕಂಪನಿಯದು. ಅವರು ಬದಲಿಸಿದ ದಿನ ನೀವೂ ಬದಲಿಸಬೇಕು.

2018ರ ಮೇ 1ರಂದು ಇದು ಕಣ್ಣಿಗೆ ಕಟ್ಟುವಂತೆ ಸಾಬೀತಾಯಿತು. ಪ್ರೋಗ್ರಾಮರ್‌ಗಳ ನೆಚ್ಚಿನ ಗಿಟ್‌ಹಬ್, ‘ಗಿಟ್‌ಹಬ್ ಪೇಜಸ್’ ಎಂಬ ಉಚಿತ ಹೋಸ್ಟಿಂಗ್ ಕೊಡುತ್ತದೆ. ಸ್ವಂತ ಹೆಸರಿನಲ್ಲಿ ಅಲ್ಲಿ ಸೈಟ್ ಇಟ್ಟಿದ್ದವರಿಗೆ ಅಂದಿನಿಂದ ಬೀಗದ ಗುರುತಿನ ಎಚ್‌ಟಿಟಿಪಿಎಸ್ ಭದ್ರತೆಯೂ ಸಿಗುತ್ತದೆಂದು ಅದು ಪ್ರಕಟಿಸಿತು. ಸಿನೇಮ್ ಹಾಕಿಕೊಂಡಿದ್ದವರು ಏನೂ ಮಾಡಬೇಕಿರಲಿಲ್ಲ. ಗಿಟ್‌ಹಬ್ ತನ್ನ ಕಡೆಯ ಹೆಸರನ್ನು ಹೊಸ ಸರ್ವರ್‌ಗಳಿಗೆ ತಿರುಗಿಸಿತ್ತು, ಇವರ ಸೈಟ್‌ಗಳು ತಾವಾಗಿಯೇ ಅದರ ಹಿಂದೆ ಹೋದವು. ‘ಎ’ ದಾಖಲೆಯಲ್ಲಿ ಹಳೆಯ ಸಂಖ್ಯೆ ಬರೆದಿಟ್ಟಿದ್ದವರು ಮಾತ್ರ ಪ್ಯಾನೆಲ್ ತೆರೆದು, ಹಳೆಯದನ್ನು ಅಳಿಸಿ, 185.199.108.153ರಿಂದ ಶುರುವಾಗಿ ಮೂರನೇ ತುಂಡು 111ರವರೆಗೆ ಹೋಗುವ ನಾಲ್ಕು ಹೊಸ ಸಂಖ್ಯೆಗಳನ್ನು ಬರೆಯಬೇಕಾಯಿತು. ಬರೆಯದವರಿಗೆ ಬೀಗವಿಲ್ಲ.

ಇನ್ನೊಂದು ಲಾಭ ದೊಡ್ಡ ಸೈಟ್‌ಗಳದು. 1998ರಲ್ಲಿ ಶುರುವಾದ ಅಕಮಾಯ್‌ನಂಥ ಕಂಪನಿಗಳು ಒಂದೇ ಸೈಟಿನ ಪ್ರತಿಗಳನ್ನು ಲೋಕದ ನಾನಾ ಊರುಗಳ ಸರ್ವರ್‌ಗಳಲ್ಲಿ ಇಡುತ್ತವೆ. ಸೈಟಿನ ಒಡೆಯ ತನ್ನ ಹೆಸರನ್ನು ಅವರ ಹೆಸರಿಗೆ ಸಿನೇಮ್ ಮಾಡುತ್ತಾನೆ. ಕೇಳುವವರು ಎಲ್ಲಿಂದ ಕೇಳುತ್ತಿದ್ದಾರೆಂದು ನೋಡಿ ಅವರು ಹತ್ತಿರದ ಸರ್ವರ್‌ನ ಸಂಖ್ಯೆ ಕೊಡುತ್ತಾರೆ. ಇಂಥ ವ್ಯವಸ್ಥೆಯಲ್ಲಿರುವ ಕನ್ನಡ ಸೈಟೊಂದನ್ನು ಹುಬ್ಬಳ್ಳಿಯಲ್ಲಿ ತೆರೆದವರಿಗೂ ನ್ಯೂಜೆರ್ಸಿಯಲ್ಲಿ ತೆರೆದವರಿಗೂ ಬೇರೆ ಬೇರೆ ಸಂಖ್ಯೆ ಸಿಗಬಹುದು. ಒಂದೇ ಸಂಖ್ಯೆ ಬರೆದಿಟ್ಟರೆ ಇಂಥ ಆಯ್ಕೆಗೆ ಜಾಗವಿರುವುದಿಲ್ಲ.

ನಮ್ಮಲ್ಲಿ ಎಷ್ಟೋ ಜನ ಗೊತ್ತಿಲ್ಲದೆಯೇ ಸಿನೇಮ್ ಬಳಸಿದ್ದಾರೆ. ಬ್ಲಾಗ್‌ಸ್ಪಾಟ್‌ನಲ್ಲಿ ಕನ್ನಡ ಬ್ಲಾಗ್ ಬರೆಯುತ್ತಿದ್ದು, ಆಮೇಲೆ ಸ್ವಂತ ಹೆಸರು ಕೊಂಡವರು ಟ್ರಿಪಲ್ ಡಬ್ಲ್ಯು ಎದುರು ಗೂಗಲ್ ಹೇಳಿದ ಹೆಸರನ್ನು ಬರೆದದ್ದು ಸಿನೇಮ್ ದಾಖಲೆಯಲ್ಲೇ. ಗೂಗಲ್ ಎರಡನೆಯದೊಂದು ಸಿನೇಮ್ ಕೂಡ ಕೇಳುತ್ತದೆ. ಅದು ಸೈಟಿಗೆ ಸಂಬಂಧಿಸಿದ್ದಲ್ಲ, ಹೆಸರು ನಿಮ್ಮದೇ ಎಂಬ ಪುರಾವೆಗೆ.

1987ರ ನಿಯಮ

ಇಷ್ಟು ಅನುಕೂಲವಿದ್ದ ಮೇಲೆ ಬರೀ ಹೆಸರಿಗೂ ಸಿನೇಮ್ ಹಾಕಿದರೇನು ತೊಂದರೆ? ಉತ್ತರ 1987ರ ನವೆಂಬರ್‌ನಲ್ಲಿ ಬಂದ ಆರ್‌ಎಫ್‌ಸಿ 1034 ಎಂಬ ದಾಖಲೆಯಲ್ಲಿದೆ. ಮೊಕಪೆಟ್ರಿಸ್ ಬರೆದ ಈ ದಾಖಲೆ ಮತ್ತು ಅದರ ಜೊತೆಯ 1035 ಇವತ್ತಿಗೂ ಡಿಎನ್‌ಎಸ್‌ನ ಬುನಾದಿ.

ಅದರಲ್ಲಿ ಸಿನೇಮ್ ವಿವರಿಸಲು ಕೊಟ್ಟ ಉದಾಹರಣೆಯೇ ಆ ಕಾಲವನ್ನು ಹೇಳುತ್ತದೆ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧನಾ ಸಂಸ್ಥೆಯ ಯಂತ್ರವೊಂದಕ್ಕೆ ‘ಯುಎಸ್‌ಸಿ-ಐಎಸ್‌ಐಸಿ.ಅರ್ಪಾ’ ಎಂಬ ಹಳೆಯ ಹೆಸರು, ‘ಸಿ.ಐಎಸ್‌ಐ.ಇಡಿಯು’ ಎಂಬ ಹೊಸ ಹೆಸರು. ಹಳೆಯದು ಹೊಸದಕ್ಕೆ ಸಿನೇಮ್. ಹೊಸದರ ಎದುರು 10.0.0.52 ಎಂಬ ಸಂಖ್ಯೆ. ವೆಬ್ ಇನ್ನೂ ಹುಟ್ಟಿರಲಿಲ್ಲ. ಹೆಸರು ಬದಲಾದ ಯಂತ್ರವನ್ನು ಹಳೆಯ ಹೆಸರಿನಿಂದಲೂ ಹುಡುಕುವಂತಿರಲಿ ಎಂಬುದಷ್ಟೇ ಆಗಿನ ಉದ್ದೇಶ.

ಹಾಗಾಗಿ ಒಂದು ಕಟ್ಟಳೆ: ಸಿನೇಮ್ ಇರುವ ಹೆಸರಿನ ಎದುರು ಬೇರಾವ ದಾಖಲೆಯೂ ಇರಕೂಡದು. (ಡಿಎನ್‌ಎಸ್‌ನ ಸಹಿಗೆ ಸಂಬಂಧಿಸಿದ ಕೆಲವು ದಾಖಲೆಗಳಿಗೆ ಮಾತ್ರ ಆಮೇಲೆ ವಿನಾಯಿತಿ ಸಿಕ್ಕಿತು.) ಅಡ್ಡಹೆಸರು ಮತ್ತು ನಿಜಹೆಸರು ಬೇರೆ ಬೇರೆ ಉತ್ತರ ಕೊಡುವ ಗೊಂದಲ ಆಗಬಾರದೆಂಬುದು ಇದರ ತರ್ಕ. ‘ಅವರನ್ನು ಕೇಳಿ’ ಎಂದ ಮೇಲೆ ಎಲ್ಲವನ್ನೂ ಅವರನ್ನೇ ಕೇಳಬೇಕು.

ಬರೀ ಹೆಸರಿನ ಪೇಚು

ಉದಾಹರಣೆ.ಕಾಂ ಎಂಬ ಬರೀ ಹೆಸರು ಮಿಕ್ಕವುಗಳಂತಲ್ಲ. ಪ್ಯಾನೆಲ್‌ನಲ್ಲಿ ಅದನ್ನು ಇಮೇಲ್ ವಿಳಾಸದಲ್ಲಿ ಬರುವ ‘ಆ್ಯಟ್’ ಗುರುತಿನಿಂದ ತೋರಿಸುವುದು ವಾಡಿಕೆ. ಅದು ಇಡೀ ಹೆಸರಿನ ತಲೆಬಾಗಿಲು. ಅದರ ಎದುರು ‘ಎನ್‌ಎಸ್’ ದಾಖಲೆ ಇರಲೇಬೇಕು. ಈ ಹೆಸರಿನ ಆಡಳಿತ ಯಾರದೆಂದು ಹೇಳುವ ‘ಎಸ್‌ಒಎ’ ದಾಖಲೆಯೂ ಇರಲೇಬೇಕು. ಇಮೇಲ್ ಬೇಕಿದ್ದರೆ ‘ಎಂಎಕ್ಸ್’ ಕೂಡ ಅಲ್ಲೇ. ಬೇರಾವ ದಾಖಲೆಯೂ ಇರಬಾರದು ಎನ್ನುವ ಸಿನೇಮ್, ಇಷ್ಟೆಲ್ಲ ಇರಲೇಬೇಕಾದ ಜಾಗದಲ್ಲಿ ಕೂರುವುದು ಹೇಗೆ?

ಅದಕ್ಕೇ ತಂತ್ರಾಂಶಗಳು ತಡೆಯುತ್ತವೆ. ಬಹುಕಾಲದಿಂದ ಬಳಕೆಯಲ್ಲಿರುವ ‘ಬೈಂಡ್’ ಎಂಬ ನೇಮ್‌ಸರ್ವರ್ ತಂತ್ರಾಂಶ ‘ಸಿನೇಮ್ ಆ್ಯಂಡ್ ಅದರ್ ಡೇಟಾ’ ಎಂದು ದೂರಿ ಕಡತವನ್ನೇ ನಿರಾಕರಿಸುತ್ತದೆ.

ನಿರಾಕರಿಸದ ಕಡೆ ಆಗುವುದು ಇನ್ನೂ ಕೆಟ್ಟದ್ದು. ಯಾರೋ ನಿಮ್ಮ ಸೈಟ್ ತೆರೆದರು. ಅವರ ರಿಸಾಲ್ವರ್ ಸಿನೇಮ್ ಉತ್ತರ ಪಡೆದು ನೆನಪಿಟ್ಟುಕೊಂಡಿತು. ಅರ್ಧ ಗಂಟೆಯ ನಂತರ ಅದೇ ರಿಸಾಲ್ವರ್ ಬಳಸುವ ಇನ್ನೊಬ್ಬರು ನಿಮಗೆ ಇಮೇಲ್ ಕಳಿಸಿದರು. ಮೇಲ್ ಎಲ್ಲಿಗೆ ಎಂದು ಕೇಳಿದಾಗ ರಿಸಾಲ್ವರ್ ನಿಮ್ಮ ‘ಎಂಎಕ್ಸ್’ ನೋಡುವುದೇ ಇಲ್ಲ. ನೆನಪಿನಲ್ಲಿರುವ ಸಿನೇಮ್ ಹಿಡಿದು ಹೋಸ್ಟಿಂಗ್ ಕಂಪನಿಯ ಹೆಸರಿನ ಮೇಲ್ ವ್ಯವಸ್ಥೆ ಹುಡುಕುತ್ತದೆ. ಅಲ್ಲಿ ನಿಮ್ಮ ಅಂಚೆಪೆಟ್ಟಿಗೆ ಇರುವುದಿಲ್ಲ. ಮೇಲ್ ಕಳಿಸಿದವರಿಗೇ ವಾಪಸು, ಇಲ್ಲವೇ ಗಂಟೆಗಟ್ಟಲೆ ತ್ರಿಶಂಕು.

ಯಾರೂ ಸೈಟ್ ನೋಡದೆ ಮೊದಲೇ ಮೇಲ್ ಕಳಿಸಿದ್ದರೆ ಅದು ಸರಿಯಾಗಿ ತಲುಪುತ್ತದೆ. ಹೀಗೆ ಒಬ್ಬರ ಮೇಲ್ ಬರುತ್ತದೆ, ಇನ್ನೊಬ್ಬರದು ಬರುವುದಿಲ್ಲ. ಬೆಳಿಗ್ಗೆ ಬಂದದ್ದು ಸಂಜೆ ಬರುವುದಿಲ್ಲ. ಹಿಡಿಯಲು ಇಷ್ಟು ಕಷ್ಟದ ದೋಷ ಇನ್ನೊಂದಿರಲಾರದು. ವೆಬ್‌ಸೈಟ್ ಮಾತ್ರ ಚೆನ್ನಾಗಿ ತೆರೆದುಕೊಳ್ಳುತ್ತಿರುವುದರಿಂದ ಅನುಮಾನ ಆ ಕಡೆಗೆ ಹೋಗುವುದೇ ಇಲ್ಲ.

ಈ ನಿಯಮದ ಇನ್ನೆರಡು ಕವಲುಗಳು: ‘ಎಂಎಕ್ಸ್’ ಎದುರು ಬರೆಯುವ ಮೇಲ್ ಸರ್ವರ್ ಹೆಸರು ಸ್ವತಃ ಸಿನೇಮ್ ಆಗಿರಬಾರದು, ‘ಎನ್‌ಎಸ್’ ಎದುರಿನದೂ ಆಗಿರಬಾರದು. 1997ರ ಆರ್‌ಎಫ್‌ಸಿ 2181 ಇದನ್ನು ಖಚಿತವಾಗಿ ಹೇಳಿತು.

ಸುತ್ತುದಾರಿಗಳು

ಬರೀ ಹೆಸರಿಗೂ ಸಿನೇಮ್‌ನ ಅನುಕೂಲ ಬೇಕೆಂಬ ಬೇಡಿಕೆಗೆ ಡಿಎನ್‌ಎಸ್ ಕಂಪನಿಗಳು ತಮ್ಮದೇ ದಾರಿ ಕಂಡುಕೊಂಡವು. ಅಮೆಜಾನ್‌ನ ರೂಟ್ 53ರಲ್ಲಿ ಅದು ‘ಏಲಿಯಾಸ್’. ಕ್ಲೌಡ್‌ಫ್ಲೇರ್ 2014ರಲ್ಲಿ ತಂದ ಏರ್ಪಾಟಿನ ಹೆಸರು ‘ಸಿನೇಮ್ ಫ್ಲಾಟನಿಂಗ್’. ಇನ್ನು ಕೆಲವರಲ್ಲಿ ‘ಎನೇಮ್’. ಹೆಸರು ಬೇರೆ, ಉಪಾಯ ಒಂದೇ. ನೀವು ಪ್ಯಾನೆಲ್‌ನಲ್ಲಿ ಇನ್ನೊಂದು ಹೆಸರನ್ನೇ ಬರೆಯುತ್ತೀರಿ. ಆದರೆ ಹೊರಗಿನವರು ಕೇಳಿದಾಗ ನೇಮ್‌ಸರ್ವರ್ ತಾನೇ ಆ ಹೆಸರಿನ ಬೆನ್ನುಹತ್ತಿ, ಸಂಖ್ಯೆ ತಂದು, ಅದನ್ನು ‘ಎ’ ದಾಖಲೆಯೆಂಬಂತೆ ಕೊಡುತ್ತದೆ. ಕೇಳಿದವರಿಗೆ ಸಿನೇಮ್ ಕಾಣುವುದೇ ಇಲ್ಲ. ನಿಯಮ ಮುರಿದಂತಾಗಲಿಲ್ಲ, ‘ಎಂಎಕ್ಸ್’ ಕೂಡ ತನ್ನ ಜಾಗದಲ್ಲಿ ಕ್ಷೇಮ.

ಇದಕ್ಕೆ ಎರಡು ಮಿತಿ. ಇದು ಎಲ್ಲರೂ ಒಪ್ಪಿದ ಮಾನದಂಡವಲ್ಲವಾದ್ದರಿಂದ ಒಂದು ಕಂಪನಿಯಿಂದ ಇನ್ನೊಂದಕ್ಕೆ ದಾಖಲೆಗಳನ್ನು ಸಾಗಿಸುವಾಗ ಈ ಸಾಲು ಹಾಗೆಯೇ ಬರುವುದಿಲ್ಲ. ಜೊತೆಗೆ, ಸಂಖ್ಯೆ ಕೇಳುವುದು ಓದುಗರ ಕಡೆಯ ರಿಸಾಲ್ವರ್ ಅಲ್ಲ, ನಿಮ್ಮ ನೇಮ್‌ಸರ್ವರ್. ಅದು ದೂರದ ಊರಲ್ಲಿದ್ದರೆ ಆ ಊರಿಗೆ ಹತ್ತಿರದ ಸಂಖ್ಯೆಯೇ ಸಿಕ್ಕಿ, ಹತ್ತಿರದ ಸರ್ವರ್‌ಗೆ ಕಳಿಸುವ ಲೆಕ್ಕಾಚಾರ ತಪ್ಪಬಹುದು.

2023ರ ನವೆಂಬರ್‌ನಲ್ಲಿ ಬಂದ ಆರ್‌ಎಫ್‌ಸಿ 9460, ‘ಎಚ್‌ಟಿಟಿಪಿಎಸ್’ ಎಂಬ ಹೊಸ ಬಗೆಯ ದಾಖಲೆಯನ್ನು ಅಧಿಕೃತಗೊಳಿಸಿತು. ಅದು ವೆಬ್‌ಗೆ ಮಾತ್ರ ಅನ್ವಯಿಸುವುದರಿಂದ ಬರೀ ಹೆಸರಿನ ಎದುರೂ ಇರಬಹುದು, ಇಮೇಲ್ ತಂಟೆಗೆ ಹೋಗುವುದಿಲ್ಲ. ಸರಿಯಾದ ಪರಿಹಾರ ಇದೇ. ಆದರೆ ಇದನ್ನೊಂದನ್ನೇ ನಂಬಿ ‘ಎ’ ದಾಖಲೆ ತೆಗೆದುಹಾಕುವ ಕಾಲ ಇನ್ನೂ ಬಂದಿಲ್ಲ.

ಮೂರನೆಯ ದಾರಿ ಹಳೆಯದು, ಸರಳ. ಸೈಟಿನ ನಿಜವಾದ ವಿಳಾಸ ಟ್ರಿಪಲ್ ಡಬ್ಲ್ಯು ಇರುವುದೇ ಆಗಿರಲಿ, ಅದಕ್ಕೆ ಸಿನೇಮ್. ಬರೀ ಹೆಸರಿಗೆ ಹೋಸ್ಟಿಂಗ್ ಕಂಪನಿ ಕೊಟ್ಟ ‘ಎ’ ಸಂಖ್ಯೆ ಹಾಕಿ, ಅಲ್ಲಿಗೆ ಬಂದವರನ್ನು ಟ್ರಿಪಲ್ ಡಬ್ಲ್ಯುಗೆ ದಾಟಿಸುವ ‘ರೀಡೈರೆಕ್ಟ್’ ಇಡುವುದು. ಹಳೆಯ ಶೈಲಿಯೆನಿಸಿ ಹಲವರು ಕೈಬಿಟ್ಟ ಆ ಮೂರಕ್ಷರ ಈಗಲೂ ಕೆಲಸಕ್ಕೆ ಬರುವುದು ಹೀಗೆ.

ಸಿನೇಮ್ ಮಾಡದ ಕೆಲಸಗಳು

ಸಿನೇಮ್ ಬಗ್ಗೆ ಇರುವ ತಪ್ಪುಗ್ರಹಿಕೆಗಳಲ್ಲಿ ದೊಡ್ಡದು, ಅದು ಓದುಗರನ್ನು ಬೇರೆ ಸೈಟಿಗೆ ಕಳಿಸುತ್ತದೆ ಎಂಬುದು. ಅದು ರೀಡೈರೆಕ್ಟ್‌ನ ಕೆಲಸ. ಸಿನೇಮ್ ಹಾಕಿದರೆ ಬ್ರೌಸರ್‌ನ ಮೇಲ್ತುದಿಯಲ್ಲಿ ನಿಮ್ಮ ಹೆಸರೇ ಇರುತ್ತದೆ. ಬದಲಾಗುವುದು ಸಂಖ್ಯೆ ಹುಡುಕುವ ದಾರಿ ಮಾತ್ರ.

ಇದರಿಂದ ಇನ್ನೊಂದು ಮಾತು ಹೊರಡುತ್ತದೆ. ಒಂದೇ ಸಂಖ್ಯೆಯ ಸರ್ವರ್‌ನಲ್ಲಿ ಸಾವಿರಾರು ಸೈಟ್‌ಗಳಿರುತ್ತವೆ. ಬ್ರೌಸರ್ ಅಲ್ಲಿಗೆ ಹೋಗಿ ‘ನನಗೆ ಉದಾಹರಣೆ.ಕಾಂ ಬೇಕು’ ಎಂದು ನಿಮ್ಮ ಹೆಸರನ್ನೇ ಹೇಳುತ್ತದೆ. ಆ ಹೆಸರು ಯಾರದೆಂದು ಹೋಸ್ಟಿಂಗ್ ಕಂಪನಿಗೆ ಮೊದಲೇ ತಿಳಿಸಿರಬೇಕು, ಆ ಹೆಸರಿಗೆ ಭದ್ರತಾ ಸರ್ಟಿಫಿಕೇಟ್ ಅವರಲ್ಲಿರಬೇಕು. ಸಿನೇಮ್ ಮಾತ್ರ ಹಾಕಿ ಹೋಸ್ಟಿಂಗ್ ಕಡೆ ಹೆಸರು ಸೇರಿಸದಿದ್ದರೆ ‘404’ ಪುಟವೋ, ‘ಈ ಸೈಟ್ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆಯೋ ಎದುರಾಗುತ್ತದೆ.

ಸಿನೇಮ್ ಎದುರು ಹೆಸರು ಮಾತ್ರ ಬರೆಯಬಹುದು. ಹೆಸರಿನ ನಂತರ ಓರೆಗೆರೆ ಹಾಕಿ ‘ಅಂಗಡಿ’ ಪುಟಕ್ಕೆ ಹೋಗು ಎನ್ನುವಂತಿಲ್ಲ. ಮುಂದೆ ‘ಎಚ್‌ಟಿಟಿಪಿಎಸ್’ ಸೇರಿಸುವಂತಿಲ್ಲ. ಸಂಖ್ಯೆಯನ್ನಂತೂ ಬರೆಯುವಂತೆಯೇ ಇಲ್ಲ.

ಇನ್ನು ಕೊನೆಯ ಚುಕ್ಕಿ. ಡಿಎನ್‌ಎಸ್‌ನಲ್ಲಿ ಪೂರ್ಣ ಹೆಸರು ಮುಗಿಯುವುದು ಒಂದು ಚುಕ್ಕಿಯಿಂದ. ಕೆಲವು ಪ್ಯಾನೆಲ್‌ಗಳು ಅದನ್ನು ತಾವೇ ಸೇರಿಸಿಕೊಳ್ಳುತ್ತವೆ. ಸೇರಿಸಿಕೊಳ್ಳದವು, ಚುಕ್ಕಿಯಿಲ್ಲದ ಹೆಸರನ್ನು ಅರ್ಧ ಬರೆದ ಹೆಸರೆಂದು ತಿಳಿದು ಅದರ ಬಾಲಕ್ಕೆ ನಿಮ್ಮ ಹೆಸರನ್ನೂ ಅಂಟಿಸುತ್ತವೆ. ಆಗ ಹೋಸ್ಟಿಂಗ್.ಕಾಂ ಎಂದು ಬರೆದದ್ದು ಹೋಸ್ಟಿಂಗ್.ಕಾಂ.ಉದಾಹರಣೆ.ಕಾಂ ಆಗಿ ಕೂರುತ್ತದೆ. ಸೈಟ್ ತೆರೆಯದಿದ್ದಾಗ ಮೊದಲು ನೋಡಬೇಕಾದ ಜಾಗ ಇದು.

ಇಪ್ಪತ್ತೊಂದು ವರ್ಷ ಮರೆತ ಸಾಲು

ಅಧಿಕಾರ ಬರೆದುಕೊಟ್ಟದ್ದನ್ನು ಮರೆತರೆ ಏನಾಗುತ್ತದೆ? 2024ರ ಫೆಬ್ರುವರಿಯಲ್ಲಿ ಗಾರ್ಡಿಯೊ ಲ್ಯಾಬ್ಸ್ ಎಂಬ ಭದ್ರತಾ ಸಂಸ್ಥೆ ಹೊರಗೆಡವಿದ ಪ್ರಕರಣ ಇದಕ್ಕೆ ಉತ್ತರ.

2001ರ ಸುಮಾರಿಗೆ ಮೈಕ್ರೋಸಾಫ್ಟ್‌ನ ಎಂಎಸ್‌ಎನ್, ಅಮೆರಿಕದ ಟಿವಿ ತಾರೆ ಮಾರ್ಥಾ ಸ್ಟೂವರ್ಟ್ ಹೆಸರಿನ ಬಹುಮಾನ ಸ್ಪರ್ಧೆಗಾಗಿ ಒಂದು ಸಬ್‌ಡೊಮೈನ್, ಅಂದರೆ ಮುಖ್ಯ ಹೆಸರಿನಡಿಯ ಉಪಹೆಸರು, ಮಾಡಿತ್ತು. ಅದು ಎಂಎಸ್‌ಎನ್.ಕಾಂ ಹೆಸರಿನಡಿ ಇತ್ತು. ಸ್ಪರ್ಧೆಗೆಂದೇ ಕೊಂಡ ಇನ್ನೊಂದು ಹೆಸರಿಗೆ ಅದನ್ನು ಸಿನೇಮ್ ಮಾಡಲಾಗಿತ್ತು. ಸ್ಪರ್ಧೆ ಮುಗಿಯಿತು. ಆ ಇನ್ನೊಂದು ಹೆಸರಿನ ನೋಂದಣಿಯನ್ನು ಯಾರೂ ನವೀಕರಿಸಲಿಲ್ಲ. ಆದರೆ ಸಿನೇಮ್ ಸಾಲು ಹಾಗೆಯೇ ಉಳಿಯಿತು. ಇಪ್ಪತ್ತೊಂದು ವರ್ಷ ಪಾಳುಬಿದ್ದಿದ್ದ ಆ ಹೆಸರನ್ನು 2022ರಲ್ಲಿ ವಂಚಕರು ಕೊಂಡರು. ಕೊಂಡ ಕ್ಷಣದಿಂದ ಎಂಎಸ್‌ಎನ್‌ನ ಸಬ್‌ಡೊಮೈನ್ ಏನು ಉತ್ತರ ಕೊಡಬೇಕೆಂಬುದು ಅವರ ಕೈಗೆ ಬಂತು.

ಅವರು ಅದನ್ನು ಬಳಸಿದ್ದು ಮೇಲ್ ಕಳಿಸಲು. ಸಿನೇಮ್ ಎಂದರೆ ಎಲ್ಲ ದಾಖಲೆಗಳಿಗೂ ‘ಅವರನ್ನೇ ಕೇಳಿ’ ಎಂದಲ್ಲವೇ? ಈ ಹೆಸರಿನಿಂದ ಯಾರು ಮೇಲ್ ಕಳಿಸಬಹುದು ಎಂಬ ‘ಎಸ್‌ಪಿಎಫ್’ ಪಟ್ಟಿಯೂ ಹಾಗೆಯೇ ವಂಚಕರ ಹೆಸರಿನಿಂದ ಬಂತು. ಪಟ್ಟಿಯಲ್ಲಿ ಅವರು ತಮ್ಮದೇ ಸರ್ವರ್‌ಗಳನ್ನು ತುಂಬಿದರು. ಮೇಲ್ ಪಡೆದವರ ಕಡೆಯ ತಪಾಸಣೆಯಲ್ಲಿ ಅದು ಅಸಲಿ ಎಂಎಸ್‌ಎನ್ ಮೇಲ್ ಎಂದೇ ಪಾಸಾಯಿತು. ಇಂಥ ದಾರಿಗಳಿಂದ 8,000ಕ್ಕೂ ಹೆಚ್ಚು ಡೊಮೈನ್‌ಗಳು, 13,000ಕ್ಕೂ ಹೆಚ್ಚು ಸಬ್‌ಡೊಮೈನ್‌ಗಳು ವಂಚಕರ ಪಾಲಾಗಿದ್ದವೆಂದು ಗಾರ್ಡಿಯೊ ಹೇಳಿತು. ದೊಡ್ಡ ಕಂಪನಿಗಳು, ಪತ್ರಿಕೆಗಳು, ವಿಶ್ವವಿದ್ಯಾಲಯಗಳೆಲ್ಲ ಪಟ್ಟಿಯಲ್ಲಿದ್ದವು.

ಚಿಕ್ಕವರಿಗೂ ಇದೇ ಅಪಾಯ. ಉಚಿತ ಹೋಸ್ಟಿಂಗ್‌ನಲ್ಲಿ ಹಬ್ಬದ ರಿಯಾಯಿತಿಗೆಂದು ಒಂದು ಪುಟ ಮಾಡಿ, ಸಬ್‌ಡೊಮೈನ್ ಒಂದನ್ನು ಅದಕ್ಕೆ ಸಿನೇಮ್ ಮಾಡಿ, ಹಬ್ಬ ಮುಗಿದ ಮೇಲೆ ಪುಟ ಅಳಿಸಿ ಸಿನೇಮ್ ಅಳಿಸದೆ ಬಿಟ್ಟರೆ, ಕೆಲವು ಹೋಸ್ಟಿಂಗ್‌ಗಳಲ್ಲಿ ಬೇರೊಬ್ಬರು ಖಾತೆ ತೆರೆದು ನಿಮ್ಮ ಸಬ್‌ಡೊಮೈನ್ ತಮ್ಮದೆಂದು ಸೇರಿಸಿಕೊಳ್ಳಬಹುದು. ಆಮೇಲೆ ನಿಮ್ಮ ಹೆಸರಿನಲ್ಲಿ, ಎಚ್‌ಟಿಟಿಪಿಎಸ್ ಭದ್ರತೆಯೊಂದಿಗೇ, ಅವರ ನಕಲಿ ಬ್ಯಾಂಕ್ ಪುಟ. ಈ ಭಯದಿಂದಲೇ ಹಲವು ಕಂಪನಿಗಳು ಈಗ ಹೆಸರು ಸೇರಿಸುವ ಮೊದಲು ‘ಟಿಎಕ್ಸ್‌ಟಿ’ ಪುರಾವೆ ಕೇಳುತ್ತವೆ.

ಜಾಹೀರಾತು ಲೋಕವೂ ಈ ಸಂದನ್ನು ಬಳಸಿಕೊಂಡಿದೆ. ಓದುಗರ ಜಾಡು ಹಿಡಿಯುವ ಕಂಪನಿಗಳನ್ನು ಬ್ರೌಸರ್‌ಗಳು ತಡೆಯತೊಡಗಿದಾಗ, ಅವು ಸೈಟಿನವರಿಂದಲೇ ಒಂದು ಸಬ್‌ಡೊಮೈನನ್ನು ತಮ್ಮ ಕಡೆಗೆ ಸಿನೇಮ್ ಮಾಡಿಸಿಕೊಂಡವು. ಬ್ರೌಸರ್‌ಗೆ ಅದು ಸೈಟಿನ ಸ್ವಂತ ಭಾಗದಂತೆ ಕಂಡಿತು. 2020ರಲ್ಲಿ ಜಾಹೀರಾತು ತಡೆಯುವ ‘ಯುಬ್ಲಾಕ್ ಒರಿಜಿನ್’ ತಂತ್ರಾಂಶ ಫೈರ್‌ಫಾಕ್ಸ್‌ನಲ್ಲಿ ಇದನ್ನು ಬಯಲು ಮಾಡುವ ಸೌಲಭ್ಯ ತಂದಿತು, ಸಫಾರಿ ಬ್ರೌಸರ್ ಕೂಡ ಹೀಗೆ ಇಟ್ಟ ಕುಕಿಗಳ ಆಯುಷ್ಯವನ್ನು ಏಳು ದಿನಕ್ಕೆ ಇಳಿಸಿತು. ನಿಮ್ಮ ಹೆಸರಿನಡಿ ಇರುವವರನ್ನು ಓದುಗರ ಬ್ರೌಸರ್ ನೀವೆಂದೇ ನಂಬುತ್ತದೆ. ಅದರಿಂದ ಆಗುವ ಹಾನಿಯೂ ನಿಮ್ಮ ಹೆಸರಿಗೇ.

ಹಾಗಾದರೆ ಹಾಕಬೇಕೇ?

ಹೋಸ್ಟಿಂಗ್ ಬೇರೆಯವರದಾಗಿದ್ದು, ಅವರು ಸಂಖ್ಯೆಯ ಬದಲು ಹೆಸರು ಕೊಟ್ಟಿದ್ದರೆ, ಟ್ರಿಪಲ್ ಡಬ್ಲ್ಯು, ‘ಬ್ಲಾಗ್’, ‘ಶಾಪ್’ ಮುಂತಾದ ಸಬ್‌ಡೊಮೈನ್‌ಗಳಿಗೆ ಸಿನೇಮ್ ಹಾಕಿ. ಸರ್ವರ್ ಬದಲಿಸುವ ತಲೆಬಿಸಿ ಅವರಿಗಿರಲಿ.

ಬರೀ ಹೆಸರಿಗೆ ಸಿನೇಮ್ ಬೇಡ. ನಿಮ್ಮ ಡಿಎನ್‌ಎಸ್ ಕಂಪನಿಯಲ್ಲಿ ‘ಏಲಿಯಾಸ್’ ಅಥವಾ ‘ಫ್ಲಾಟನಿಂಗ್’ ಇದ್ದರೆ ಅದು, ಇಲ್ಲದಿದ್ದರೆ ‘ಎ’ ದಾಖಲೆ ಮತ್ತು ರೀಡೈರೆಕ್ಟ್. ಸರ್ವರ್ ನಿಮ್ಮದೇ ಆಗಿದ್ದು ಅದರ ಸಂಖ್ಯೆ ಬದಲಾಗದು ಎಂಬ ಖಾತರಿಯಿದ್ದರೆ ಎಲ್ಲೆಡೆಯೂ ‘ಎ’ ಸಾಕು. ಸಿನೇಮ್ ಅಲ್ಲಿ ಅನಗತ್ಯ ಸುತ್ತು.

ಬದಲಾವಣೆಗೆ ಒಂದು ದಿನ ಮೊದಲೇ ಟಿಟಿಎಲ್ ಅನ್ನು 300ಕ್ಕೆ ಇಳಿಸಿಡಿ. ಎಡವಟ್ಟಾದರೆ ಐದು ನಿಮಿಷದ ಆಸುಪಾಸಿನಲ್ಲಿ ಸರಿಪಡಿಸಬಹುದು. 86,400 ಇದ್ದರೆ ಒಂದಿಡೀ ದಿನ ಕಾಯಬೇಕು. ಬದಲಿಸಿದ ಮೇಲೆ ಕಂಪ್ಯೂಟರ್‌ನಲ್ಲಿ ‘ಎನ್‌ಎಸ್‌ಲುಕಪ್’ ಅಥವಾ ‘ಡಿಗ್’ ಆಜ್ಞೆ ಕೊಟ್ಟು ನೋಡಿ. ‘ಡಿಗ್’ನ ಉತ್ತರದಲ್ಲಿ ಮೊದಲ ಸಾಲಿನಲ್ಲಿ ನಿಮ್ಮ ಹೆಸರು, ಸಿನೇಮ್ ಎಂಬ ಪದ, ಹೋಸ್ಟಿಂಗ್ ಹೆಸರು ಕಾಣಬೇಕು. ಮುಂದಿನ ಸಾಲಿನಲ್ಲಿ ಅದೇ ಹೋಸ್ಟಿಂಗ್ ಹೆಸರಿನ ಎದುರು ಸಂಖ್ಯೆ ಇರಬೇಕು. ಮೊದಲನೆಯದು ಮಾತ್ರ ಇದ್ದು ಎರಡನೆಯದು ಇಲ್ಲವೆಂದರೆ ಸಿನೇಮ್ ಎಲ್ಲಿಗೂ ಹೋಗದೆ ನೇತಾಡುತ್ತಿದೆ ಎಂದರ್ಥ.

ಒಂದು ಸೇವೆ ಬಿಡುವಾಗ ಕ್ರಮವೂ ಮುಖ್ಯ. ಮೊದಲು ಸಿನೇಮ್ ಅಳಿಸಿ, ಆಮೇಲೆ ಹೋಸ್ಟಿಂಗ್ ಖಾತೆ ಮುಚ್ಚಿ. ಹಿಂದುಮುಂದಾದರೆ ನಡುವಿನ ಅವಧಿಯಲ್ಲಿ ಬಾಗಿಲು ತೆರೆದಿರುತ್ತದೆ.

ಅಳಿಸುವ ಆವೇಶವೂ ಒಳ್ಳೆಯದಲ್ಲ. ಮೈಕ್ರೋಸಾಫ್ಟ್ 365 ಇಮೇಲ್‌ನ ಸಹಿಗೆಂದು ಎರಡು ಸಿನೇಮ್ ಹಾಕಿಸುತ್ತದೆ, ಸಹಿಯ ಕೀಲಿಯನ್ನು ಕಾಲಕಾಲಕ್ಕೆ ತಾನೇ ಬದಲಿಸಲು. ಅಮೆಜಾನ್ ಭದ್ರತಾ ಸರ್ಟಿಫಿಕೇಟ್‌ಗೆಂದು ಹಾಕಿಸುವ ಸಿನೇಮ್ ನೋಡಲು ಅರ್ಥವಿಲ್ಲದ ಅಕ್ಷರಮಾಲೆ. ಕೆಲಸ ಮುಗಿಯಿತೆಂದು ಅದನ್ನು ತೆಗೆದುಹಾಕಿದರೆ ಅಂದು ಏನೂ ಆಗುವುದಿಲ್ಲ. ತಿಂಗಳುಗಳ ನಂತರ ಸರ್ಟಿಫಿಕೇಟ್ ತಾನಾಗಿ ನವೀಕರಣವಾಗದೆ ಸೈಟ್ ಎಚ್ಚರಿಕೆ ತೋರಿಸತೊಡಗುತ್ತದೆ.

ಆದ್ದರಿಂದ ಹೆಸರಿನ ವಾರ್ಷಿಕ ಶುಲ್ಕ ಕಟ್ಟುವ ದಿನವೇ ಡಿಎನ್‌ಎಸ್ ಪುಟವನ್ನೂ ಒಮ್ಮೆ ಓದಿ. ಪ್ರತಿ ಸಿನೇಮ್ ಎದುರು ಮೂರು ಪ್ರಶ್ನೆ: ಆಚೆ ತುದಿಯಲ್ಲಿರುವವರು ಯಾರು, ಅವರ ಸೇವೆ ನಮಗೆ ಇನ್ನೂ ಬೇಕೇ, ಈ ಸಾಲು ಹಾಕಿದ್ದು ಯಾತಕ್ಕೆ? ಮೂರಕ್ಕೂ ಉತ್ತರ ಗೊತ್ತಿರುವ ಸಾಲು ಇರಲಿ. ಉತ್ತರ ಗೊತ್ತಿಲ್ಲದ ಸಾಲು ಕಂಡರೆ ಅಳಿಸುವ ಮುನ್ನ ವಿಚಾರಿಸಿ, ವಿಚಾರಿಸದೆ ಮಾತ್ರ ಬಿಡಬೇಡಿ.